ಬಣ್ಣದಿಂದ ಬಂಡೆಯವರೆಗೆ

ಯಶವಂತಪುರದಲ್ಲಿ ರೈಲಿಳಿದಾಗ ಇನ್ನೂ ಕತ್ತಲಿತ್ತು. ಸಾಗರದಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿದ ಮೈಗೆ ಮಾಘದ ಚಳಿ ಹಿತವೆನಿಸಿತು. ದಿನದ ಮೊದಲ ಮೆಟ್ರೋಗಳಲ್ಲೊಂದು ಸಿಕ್ಕಿತು. ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಅದರ ಮುಂದಿನದು ಮಹಾಲಕ್ಷ್ಮಿ, ಎರಡೇ ನಿಲ್ದಾಣ. 2014ರ ಮಾರ್ಚ್ 1ರಂದು ಈ ಮಾರ್ಗ ಶುರುವಾದಂದಿನಿಂದ ತಂಗಿಯ ಮನೆಗೆ ನನ್ನ ದಾರಿ ಇದೇ. ಆದರೆ ಪ್ಲಾಟ್‌ಫಾರ್ಮಿನ ಮೇಲೆ ಸುಮ್ಮನೆ ನಿಂತು ಊರಿನ ನೆತ್ತಿಯನ್ನು ನೋಡಿದ್ದು ಅಂದೇ ಮೊದಲು. ಒಂದು ಕಡೆ ಇಸ್ಕಾನ್ ದೇವಾಲಯದ ದೀಪ. ಉಳಿದೆಡೆಯೆಲ್ಲ ತಾರಸಿಗಳು: ನೀರಿನ ಟ್ಯಾಂಕು, ಸೋಲಾರು, ತುಳಸಿ ಕುಂಡ, ಸಂಜೆ ಒಳಗೆ ತೆಗೆಯಲು ಮರೆತ ಬಟ್ಟೆ. ನಡುನಡುವೆ ಕೆಲವು ತಾರಸಿಗಳ ಮೂಲೆಯಲ್ಲಿ ನಾಲ್ಕು ನಾಲ್ಕು ಕಬ್ಬಿಣದ ಕಂಬಿಗಳು ಆಕಾಶಕ್ಕೆ ಮುಖ ಮಾಡಿ ನಿಂತಿದ್ದವು. ಮುಂದೆಂದಾದರೂ ಎಬ್ಬಿಸಬಹುದಾದ ಮಹಡಿಗೆಂದು, ಮಗನ ಸಂಸಾರಕ್ಕೆ ಬೇಕಾದೀತೆಂದು ಬಿಟ್ಟ ಕಂಬಿಗಳು. ಇಷ್ಟು ವರ್ಷ ಅವನ್ನು ಅರ್ಧಕ್ಕೆ ನಿಂತ ಕೆಲಸ ಎಂದುಕೊಂಡಿದ್ದೆ.

ತಂಗಿಯೇ ಕರೆಸಿದ್ದು. ಅವಳ ಮಾವ ಕಾರ್ಖಾನೆಯ ನೌಕರಿಯಲ್ಲಿದ್ದಾಗ ಕಟ್ಟಿಸಿದ ಹಳೆಯ ಮನೆಯನ್ನು ಹೋದ ತಿಂಗಳು ಕೆಡವಿದ್ದರು. ನಾಳೆ ಅದೇ ಜಾಗದಲ್ಲಿ ಗುದ್ದಲಿ ಪೂಜೆ. ಇವತ್ತು ಅದೇ ಮೇಸ್ತ್ರಿ ಎರಡು ಬೀದಿಯಾಚೆ ಕಟ್ಟಿ ಮುಗಿಸಿದ ಮನೆಯ ಗೃಹಪ್ರವೇಶ. “ಅಣ್ಣ, ಒಂದು ದಿನ ಮುಂಚೆ ಬಾ. ಜೀವಮಾನದ ದುಡ್ಡು ಹಾಕ್ತಿದೀವಿ. ಮನೆ ಹೇಗೆ ಏಳುತ್ತೆ ಅಂತ ನಮಗ್ಯಾರಿಗೂ ಗೊತ್ತಿಲ್ಲ, ನೀನೊಂದಿಷ್ಟು ನೋಡಿಕೊಂಡು ಹೇಳು” ಎಂದಿದ್ದಳು. ಹಾಗೆ ಹೊರಟದ್ದು ನೆಂಟರ ಮನೆಗೆ. ಆದದ್ದು ಒಂದು ಪ್ರವಾಸ. ಸುತ್ತಿದ ದೂರ ಮೂರು ಕಿಲೋಮೀಟರೂ ಇರಲಾರದು.

ಗೃಹಪ್ರವೇಶದ ಮನೆಯ ಮುಂದೆ ಬಾಳೆಕಂಬ, ಮಾವಿನ ತೋರಣ, ಹೊಸ್ತಿಲಿಗೆ ಅರಿಶಿನ ಕುಂಕುಮ. 30–40ರ ಸೈಟಿನಲ್ಲಿ ಮೂರಂತಸ್ತಿನ ಮನೆ. ಹಸು ಕರುವನ್ನು ಒಳಗೆ ಕರೆತರುವಾಗ ಹೊಸ ಟೈಲ್ಸಿನ ಮೇಲೆ ಗೊರಸು ಜಾರದಿರಲೆಂದು ಗೋಣಿತಾಟು ಹಾಸಿದ್ದರು. ಹೋಮದ ಹೊಗೆ ಬಿಳಿ ಸೂರಿಗೆ ತಾಗಿ ಹೊರಗೆ ಹರಿಯುತ್ತಿತ್ತು. ಆಗ್ನೇಯದ ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಮನೆಯೊಡೆಯರು ಮೇಸ್ತ್ರಿಗೆ ಪಂಚೆ ಶಲ್ಯ ಹೊದಿಸಿ, ತಾಂಬೂಲ ಕೊಟ್ಟು ನಮಸ್ಕರಿಸಿದರು. ಕೆಲಸದ ಹೆಣ್ಣುಮಕ್ಕಳಿಗೆ ಸೀರೆ ಕುಪ್ಪಸ. ಬಂದವರೆಲ್ಲ ಬಣ್ಣ ನೋಡಿದರು, ಬೀರು ನೋಡಿದರು, ಕಿಟಕಿಯ ಗಾಜು ನೋಡಿದರು. ಮೇಸ್ತ್ರಿ ಒಬ್ಬರು ಮಾತ್ರ ಖಾಲಿ ಗೋಡೆಯೊಂದಕ್ಕೆ ಅಂಗೈಯಿಟ್ಟು ನಿಂತಿದ್ದರು. ಮಾಗಡಿ ಕಡೆಯವರು, ಅರವತ್ತು ದಾಟಿದ ವಯಸ್ಸು.

“ಏನು ನೋಡ್ತಿದೀರಿ?” ಎಂದೆ.

“ಗೋಡೆ ಅಲ್ಲ ಸಾರ್, ಒಳಗಿರೋದು. ಇಲ್ಲಿ ನೀರಿನ ಪೈಪ್ ಐತೆ, ಇಲ್ಲಿ ಕಂಬ ಐತೆ, ಇದರ ಮೇಲೆ ಭೀಮು ಓಡ್ತದೆ. ಬಣ್ಣ ಬಿದ್ದ ಮೇಲೆ ನಾವು ಮಾಡಿದ್ದು ಒಂದೂ ಕಾಣಾಕಿಲ್ಲ. ನನ್ನ ಕಣ್ಣಿಗೆ ಮಾತ್ರ ಎಲ್ಲಾ ಕಾಣ್ತದೆ.”

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಸಾಗರದ ನಮ್ಮ ಹೆಂಚಿನ ಮನೆಯಲ್ಲಿ ಅಂಗಾತ ಮಲಗಿದರೆ ಮನೆಯೆಲ್ಲ ಕಾಣುತ್ತಿತ್ತು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಪಕಾಸು, ಪಕಾಸಿನ ಮೇಲೆ ರೀಪು, ರೀಪಿನ ಮೇಲೆ ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಸೀಮೆಯ ಎಷ್ಟೋ ಸೋಗೆಯ ಮಾಡುಗಳು ಹೆಂಚಿಗೆ ತಿರುಗಿದವು. ಯಾವುದು ಯಾವುದನ್ನು ಹೊತ್ತಿದೆ ಎಂದು ನಿದ್ದೆ ಬಾರದ ಮಧ್ಯಾಹ್ನಗಳಲ್ಲಿ ಕಣ್ಣಲ್ಲೇ ಲೆಕ್ಕ ಹಾಕಿ ಬೆಳೆದವನು ನಾನು. ಈ ಊರಿನ ಮನೆಗಳು ನನಗೆ ಅರ್ಥವಾಗದ್ದು ಅದಕ್ಕೇ ಇರಬೇಕು. ಇಲ್ಲಿ ಹೊರುವುದೆಲ್ಲ ಮರೆಯಲ್ಲಿ ನಿಂತು ಹೊರುತ್ತದೆ.

“ತಿಂಡಿ ತಿನ್ನಿ. ಇದೇ ಲೇಔಟಲ್ಲಿ ಐದು ಕಡೆ ಕೆಲಸ ನಡೀತೈತೆ. ಎರಡು ನಂದು, ಮೂರು ನನ್ನತ್ರ ಕಲಿತ ಹುಡುಗರದು. ಬನ್ನಿ, ಬಣ್ಣದಿಂದ ಹಿಂದಕ್ಕೆ ತೋರುಸ್ತೀನಿ” ಎಂದರು ಮೇಸ್ತ್ರಿ.

ಉಪ್ಪಿಟ್ಟು ಕೇಸರಿಭಾತಿನ ಎಲೆಯಿಂದೆದ್ದು ಅವರ ಹಿಂದೆ ಹೊರಟೆ. ಕಾಲದಲ್ಲಿ ಹಿಂದಕ್ಕೆ ನಡೆಯುವ ದಾರಿಯೊಂದು ಮಹಾಲಕ್ಷ್ಮಿ ಲೇಔಟಿನ ಅಡ್ಡರಸ್ತೆಗಳಲ್ಲಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಮೊದಲ ಮನೆಗೆ ಬಣ್ಣ ಇನ್ನೂ ಬಂದಿರಲಿಲ್ಲ. ಗಾರೆಯ ಕೆಲಸ ನಡೆದಿತ್ತು. ಗೋಡೆಗಳನ್ನು ಗೀರಿ ವೈರಿನ ಪೈಪು ಕೂಡಿಸಿದ್ದರು. ಗೀರಿದ ಜಾಗದ ಮೇಲೆ ಚಿಕನ್ ಮೆಶ್ ಹರಡಿ ಮೊಳೆ ಹೊಡೆದಿದ್ದರು. ಕಾಂಕ್ರೀಟು ಕಂಬವೂ ಬ್ಲಾಕಿನ ಗೋಡೆಯೂ ಕೂಡುವ ಕಡೆಯೂ ಅದೇ ಜಾಲರಿ. ಎರಡೂ ಬಿಸಿಲಿಗೆ ಚಳಿಗೆ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗುತ್ತವೆ. ನಡುವೆ ಈ ತಂತಿಯ ಬಲೆ ಇಲ್ಲದಿದ್ದರೆ ಗಾರೆಯ ಮೇಲೆ ಕೂದಲೆಳೆಯ ಬಿರುಕು ಓಡುತ್ತದೆ. ಸಾರುವೆಯ ಹಲಗೆಯ ಮೇಲೆ ನಿಂತ ಹುಡುಗ ಕರಣೆಯಿಂದ ಗಾರೆಯನ್ನು ಗೋಡೆಗೆ ಬಳಿಯುತ್ತಿರಲಿಲ್ಲ, ಎಸೆಯುತ್ತಿದ್ದ. ಮಣಿಕಟ್ಟಿನ ಒಂದು ತಿರುವು, ‘ಚಟ್’ ಎಂಬ ಸದ್ದು, ಗಾರೆ ಗೋಡೆಗೆ ಕಚ್ಚಿಕೊಳ್ಳುತ್ತಿತ್ತು. ಮೆಲ್ಲಗೆ ಮೆತ್ತಿದರೆ ಒಳಗೆ ಗಾಳಿ ಉಳಿದು ಮುಂದೊಂದು ದಿನ ಉದುರುತ್ತದಂತೆ. ಅಲ್ಲಲ್ಲಿ ಅಂಟಿಸಿದ್ದ ಟೈಲ್ಸಿನ ಚೂರುಗಳು ಗಾರೆ ಎಷ್ಟು ದಪ್ಪ ಇರಬೇಕೆಂಬ ಗುರುತು. ನೋಡುತ್ತಿದ್ದಂತೆ ಪೈಪು, ಜಾಲರಿ, ಬ್ಲಾಕಿನ ಸಂದು ಎಲ್ಲವೂ ಬೂದು ಬಣ್ಣದ ಗಾರೆಯೊಳಗೆ ಮುಳುಗಿದವು. ಹುಡುಗ ಆ ಜಾಲರಿಗೆ ಎರಡು ಗೇಣಿಗೊಂದರಂತೆ ಮೊಳೆ ಹೊಡೆದಿದ್ದನ್ನು ಇನ್ನು ಯಾರೂ ನೋಡುವುದಿಲ್ಲ. ಆದರೂ ಹೊಡೆದಿದ್ದ.

ಎರಡನೆಯ ಮನೆಯಲ್ಲಿ ಗೋಡೆ ಸೊಂಟದೆತ್ತರಕ್ಕೆ ಬಂದಿತ್ತು. ತೇಗದ ಬಾಗಿಲ ಚೌಕಟ್ಟು ಒಂದೇ ನಿಂತಿತ್ತು, ನೆತ್ತಿಗೆ ಮಾವಿನೆಲೆ ಕಟ್ಟಿಕೊಂಡು. ಬಾಗಿಲು ಇಡುವ ಪೂಜೆ ನಿನ್ನೆಯಷ್ಟೇ ಆಗಿತ್ತು. ಹೊಸ್ತಿಲ ಕೆಳಗೆ ನವಧಾನ್ಯ, ಪಂಚಲೋಹದ ಚೂರು ಹಾಕಿ ಮುಚ್ಚಿದ್ದರು. ಮುಂದಿನ ಕಡೆಗೆ ಇನ್ನೂ ಗೋಡೆಯಿಲ್ಲ, ಒಳಗು ಹೊರಗು ಎಂಬ ಭೇದವಿಲ್ಲ. ಬಾಗಿಲು ಮಾತ್ರ ಇದೆ. ಮೇಸ್ತ್ರಿ ಅಲ್ಲಿಗೆ ಬಂದವರು ಚಪ್ಪಲಿ ಬಿಟ್ಟು, ಆ ಚೌಕಟ್ಟಿನೊಳಗಿಂದಲೇ ಹಾದು ಒಳಗೆ ಹೋದರು. ಪಕ್ಕದಲ್ಲಿ ಹತ್ತು ಅಡಿ ಬಯಲಿತ್ತು. ನಾನೂ ಹಾಗೆಯೇ ಹೋದೆ.

ಇಲ್ಲಿ ನಾನು ತೂಗುಗುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ದಾರದ ತುದಿಗೊಂದು ಲೋಹದ ಗುಂಡು, ಅಷ್ಟೇ. ಓಲಾಡಿ ಓಲಾಡಿ ಕೊನೆಗೆ ನಿಶ್ಚಲವಾಗಿ ನಿಂತಾಗ ಆ ದಾರ ಭೂಮಿಯ ನಡುವನ್ನೇ ತೋರಿಸುತ್ತದೆ. ಮಹಾಲಕ್ಷ್ಮಿ ಲೇಔಟಿನ ಗೋಡೆಯೊಂದು ನೆಟ್ಟಗಿದೆಯೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಹೇಳುವುದು ಇಡೀ ಭೂಮಿ! ಮಟ್ಟ ನೋಡಲು ಇನ್ನೂ ಸರಳ ಉಪಾಯ. ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿ ಈ ಮೂಲೆಯಲ್ಲಿ, ಇನ್ನೊಂದು ತುದಿ ಆ ಮೂಲೆಯಲ್ಲಿ. ನಡುವೆ ಮರಳಿನ ರಾಶಿಯಿರಲಿ, ಹೊಂಡವಿರಲಿ, ಎರಡು ತುದಿಯ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅಲ್ಲೊಂದು ಪೆನ್ಸಿಲ್ ಗೀಟು. “ಮಿಷನ್ನು ತಪ್ಪಬಹುದು ಸಾರ್, ನೀರು ಸುಳ್ಳು ಹೇಳಾಕಿಲ್ಲ” ಎಂದರು ಮೇಸ್ತ್ರಿ. ಬ್ಲಾಕು ಜೋಡಿಸುವ ಕ್ರಮವನ್ನೂ ತೋರಿಸಿದರು. ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಸಂದು ಎಂದೂ ಬರಕೂಡದು. ಒಂದರ ಭಾರವನ್ನು ಕೆಳಗಿನ ಎರಡು ಹಂಚಿಕೊಳ್ಳಬೇಕು, ಆ ಎರಡರದನ್ನು ಅದರ ಕೆಳಗಿನ ಮೂರು. ಗೋಡೆ ಗಟ್ಟಿಯಾಗುವುದು ಸಿಮೆಂಟಿನಿಂದ ಎಂದುಕೊಂಡಿದ್ದೆ. ಹಂಚಿಕೊಳ್ಳುವ ಆ ಕ್ರಮದಿಂದಲೂ ಹೌದು.

ಮೂರನೆಯ ಮನೆಯ ತಾರಸಿಗೆ ಬಿದಿರೇಣಿ ಹತ್ತಿದೆ. ಹತ್ತಿದವನು ಅಲ್ಲೇ ನಿಂತುಬಿಟ್ಟೆ. ನನ್ನ ಮುಂದೆ ಗದ್ದೆಯಿತ್ತು. ಮೂರು ದಿನದ ಹಿಂದೆ ಹಾಕಿದ ಮೋಲ್ಡಿನ ಮೇಲೆ ಅಂಗೈ ಎತ್ತರದ ಗಾರೆಯ ಬದು ಕಟ್ಟಿ, ಚೌಕ ಚೌಕವಾಗಿ ಪಾಲು ಮಾಡಿ, ಪ್ರತಿ ಚೌಕದಲ್ಲೂ ನೀರು ನಿಲ್ಲಿಸಿದ್ದರು. ನೀರಿನೊಳಗೆ ಆಕಾಶ, ಒಂದು ಹದ್ದು, ಪಕ್ಕದ ಮನೆಯ ಟ್ಯಾಂಕು. ನಾಟಿಗೆ ಸಿದ್ಧವಾದ ಮಲೆನಾಡಿನ ಗದ್ದೆಯನ್ನು ಯಾರೋ ಎತ್ತಿ ಬೆಂಗಳೂರಿನ ತಾರಸಿಯ ಮೇಲಿಟ್ಟ ಹಾಗೆ.

ನೀರು ನೋಡಿಕೊಳ್ಳುತ್ತಿದ್ದವರು ಸೇಡಂ ಕಡೆಯ ಹೆಣ್ಣುಮಗಳು. ಗಂಡ ಹೆಂಡತಿ ಇಬ್ಬರೂ ಕೆಳಗಿನ ಅಂತಸ್ತಿನಲ್ಲೇ ಬಿಡಾರ ಮಾಡಿಕೊಂಡಿದ್ದರು. ಪೈಪು ಹಿಡಿದು ಬದುವಿನೊಳಗೆ ನೀರು ತುಂಬುತ್ತ, “ದಿನಕ್ಕ ಮೂರು ಸಲ ನೋಡಬೇಕ್ರೀ. ಇಲ್ಲಂದ್ರ ಬಿರುಕ ಬಿಡ್ತದ. ಕೂಸಿನಂಗ ನೋಡಬೇಕ್ರೀ ಇದನ್ನ” ಎಂದರು.

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಎಂದೇ ನಾನು ನಂಬಿದ್ದೆ. ಹಾಗಲ್ಲವಂತೆ. ಅದು ನೀರು ಕುಡಿದು ಗಟ್ಟಿಯಾಗುತ್ತದೆ. ಸಿಮೆಂಟಿನ ಕಣವೂ ನೀರೂ ಕೂಡಿ, ಬಿಸಿಯಾಗಿ, ಸೂಜಿಯಂಥ ಹರಳುಗಳು ಒಂದರೊಳಗೊಂದು ಹೆಣೆದುಕೊಂಡು ಕಲ್ಲಾಗುತ್ತವೆ. ಆ ಹೆಣಿಗೆ ಮುಗಿಯುವ ಮೊದಲೇ ಒಣಗಿಬಿಟ್ಟರೆ ಕಲ್ಲಾಗುವುದು ಅಲ್ಲಿಗೇ ನಿಲ್ಲುತ್ತದೆ. ಏಳು ದಿನಕ್ಕೆ ಬಲದ ಮೂರರಲ್ಲಿ ಎರಡು ಪಾಲು ಬರುತ್ತದೆ. ಎಂಜಿನಿಯರುಗಳು ಲೆಕ್ಕಕ್ಕೆ ಹಿಡಿಯುವ ಪೂರ್ತಿ ಬಲಕ್ಕೆ 28 ದಿನ ಬೇಕು. ಕೆಳಗಿನ ಕಂಬಗಳಿಗೆ ಒದ್ದೆ ಗೋಣಿ ಸುತ್ತಿದ್ದರು. ಪ್ರತಿ ಕಂಬದ ಮೇಲೂ ಅದನ್ನು ಎರಕ ಹೊಯ್ದ ತಾರೀಖನ್ನು ಸುಣ್ಣದ ಕಡ್ಡಿಯಲ್ಲಿ ಬರೆದಿತ್ತು, ತೊಟ್ಟಿಲ ಮೇಲೆ ಹುಟ್ಟಿದ ದಿನ ಬರೆದಂತೆ.

ನಾನು ಸಿಮೆಂಟಿನ ಮೂಟೆಯನ್ನು ದಿಟ್ಟಿಸುವುದನ್ನು ಕಂಡು ಆ ತಾಯಿ ಅಂದರು: “ನಮ್ಮ ಕಡೀ ಕಲ್ಲ ಅದ್ರೀ ಇದು. ಪುಡಿಯಾಗಿ ಬರ್ತದ. ಅದರ ಹಿಂದ ನಾವೂ ಬಂದೇವಿ.”

ನಿಜವೇ. ಸೇಡಂ, ವಾಡಿ ಸುತ್ತಿನ ಕಾರ್ಖಾನೆಗಳ ಸಿಮೆಂಟಿಗೆ ಮೂಲ ಭೀಮಾ ಸೀಮೆಯ ಸುಣ್ಣದ ಕಲ್ಲು. ಲೆಕ್ಕವಿಲ್ಲದಷ್ಟು ಹಿಂದೆ ಅಲ್ಲಿದ್ದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಲ್ಲು ಅದು. ಅದನ್ನು 1,450 ಡಿಗ್ರಿಯಷ್ಟು ಕಾವಿನಲ್ಲಿ ಸುಟ್ಟು, ಅರೆದು, ಐವತ್ತು ಕಿಲೋದ ಮೂಟೆ ಕಟ್ಟಿ ಕಳಿಸುತ್ತಾರೆ. ಸಮುದ್ರದ ತಳ ಮತ್ತೆ ನೀರನ್ನು ಕುಡಿದು ಕಲ್ಲಾಗುವುದು ಇಲ್ಲಿ, ಈ ತಾರಸಿಯಲ್ಲಿ, ಅದೇ ನೆಲದ ಹೆಣ್ಣುಮಗಳ ಕೈಯಿಂದ.

ಆಕೆಯ ಹತ್ತಿರ ಕಾರ್ಮಿಕ ಕಾರ್ಡು ಇತ್ತು. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಕಲ್ಯಾಣ ನಿಧಿಗೆ ಹೋಗುವ ಏರ್ಪಾಟು ಶುರುವಾದದ್ದು ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾನೂನಿನಿಂದ. ವರ್ಷದಲ್ಲಿ 90 ದಿನ ಕೆಲಸ ಮಾಡಿದ ಕಾರ್ಮಿಕರು ಮಂಡಳಿಯಲ್ಲಿ ಹೆಸರು ಬರೆಸಬಹುದು. ಮನೆ ಕಟ್ಟಿಸುವವರು ಟೈಲ್ಸಿನ ದರ ವಿಚಾರಿಸುವಷ್ಟೇ ಶ್ರದ್ಧೆಯಿಂದ, ಕೆಲಸಕ್ಕೆ ಬಂದವರ ಹತ್ತಿರ ಈ ಕಾರ್ಡು ಇದೆಯೇ ಎಂದು ವಿಚಾರಿಸಬೇಕು. ತಂಗಿಗೆ ನಾನು ಹೇಳಬೇಕಾದ ಮಾತುಗಳಲ್ಲಿ ಅದು ಮೊದಲನೆಯದು ಎಂದು ಅಲ್ಲೇ ನಿಶ್ಚಯಿಸಿದೆ. ಆ ತಾಯಿ ಈ ತಾರಸಿಯನ್ನು ಕೂಸಿನಂತೆ ನೋಡುತ್ತಾರೆ. ಗಾರೆ ಬೀಳುವ ಹೊತ್ತಿಗೆ ಇನ್ನೊಂದು ಸೈಟಿಗೆ ಹೋಗಿರುತ್ತಾರೆ.

ನಾಲ್ಕನೆಯ ಕಡೆ ಜಾತ್ರೆ. ಅಂದು ಅಲ್ಲಿ ಮೋಲ್ಡ್ ಹಾಕುವ ದಿನ. ಬೀದಿಯ ಅರ್ಧವನ್ನು ಮಿಕ್ಸರು ಹಿಡಿದಿತ್ತು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಮರಳೆಂದರೆ ಹೊಳೆಯ ಮರಳಲ್ಲ, ಕಲ್ಲನ್ನು ಕುಟ್ಟಿ ಮಾಡಿದ ಎಂ-ಸ್ಯಾಂಡ್. ಮಿಕ್ಸರು ಗುಡುಗುತ್ತ ತಿರುಗಿ ಹೊಟ್ಟೆಯನ್ನು ಲಿಫ್ಟಿಗೆ ಬಗ್ಗಿಸುತ್ತಿತ್ತು. ಮೇಲೆ ಬಾಂಡ್ಲಿಗಳು ಕೈಯಿಂದ ಕೈಗೆ ಹಾರುತ್ತಿದ್ದವು. ಒಮ್ಮೆ ಶುರುವಾದರೆ ನಿಲ್ಲಿಸುವಂತಿಲ್ಲ. ಬೆಳಿಗ್ಗೆ ಹಾಕಿದ್ದು ಗಟ್ಟಿಯಾದ ಮೇಲೆ ಸಂಜೆ ಪಕ್ಕದಲ್ಲಿ ಹಾಕಿದರೆ ಎರಡೂ ಒಂದಾಗಿ ಬೆಸೆಯುವುದಿಲ್ಲ. ಆ ಸಂದಿನಲ್ಲಿ ಮಳೆಗಾಲದ ನೀರು ದಾರಿ ಮಾಡಿಕೊಳ್ಳುತ್ತದೆ. ಹಾಗಾಗಿ ಇಪ್ಪತ್ತು ಇಪ್ಪತ್ತೈದು ಜನ ಒಂದೇ ಉಸಿರಿನಲ್ಲಿ ಕೆಲಸ ಮಾಡುತ್ತಿದ್ದರು. ಮೂಲೆಯಲ್ಲಿ ಮನೆಯೊಡತಿ ಅಷ್ಟೂ ಜನಕ್ಕೆ ಊಟದ ಏರ್ಪಾಟು ನಡೆಸಿದ್ದರು. ಮೋಲ್ಡಿನ ದಿನದ ಊಟ ಕಟ್ಟಿಸುವವರದು. ನನಗೂ ಎಲೆ ಬಿತ್ತು.

ಎರಕ ಬೀಳದ ಅರ್ಧದ ಬಳಿ ಮೇಸ್ತ್ರಿ ನನ್ನನ್ನು ಕೂರಿಸಿದರು. ಸೆಂಟ್ರಿಂಗ್ ಶೀಟಿನ ಮೇಲೆ ಕಂಬಿಯ ಚಾಪೆ. ಪ್ರತಿ ಅಡ್ಡ ಕಂಬಿ ಉದ್ದ ಕಂಬಿಯನ್ನು ದಾಟುವಲ್ಲೂ ತಂತಿಯ ಗಂಟು. ಎಣಿಸಲು ಹೋಗಿ ಕೈಬಿಟ್ಟೆ. ಚಾಪೆ ಶೀಟಿಗೆ ತಾಗದಂತೆ ಕೆಳಗೆ ಬೆರಳ ದಪ್ಪದ ಸಿಮೆಂಟಿನ ಬಿಲ್ಲೆಗಳು. ಕಂಬಿಯ ಸುತ್ತ ಎಲ್ಲ ಕಡೆಯೂ ಕಾಂಕ್ರೀಟು ಇರಲೇಬೇಕು ಎಂಬುದಕ್ಕೆ ಆ ಏರ್ಪಾಟು. ಏಕೆಂದು ಕೇಳಿದಾಗ ತೆರೆದುಕೊಂಡದ್ದು ನನ್ನ ಇಡೀ ಪ್ರವಾಸದ ದೊಡ್ಡ ಬೆರಗು.

ಕಾಂಕ್ರೀಟನ್ನು ಅಮುಕಿದರೆ ಬಹಳಷ್ಟನ್ನು ತಾಳಿಕೊಳ್ಳುತ್ತದೆ; ಎಳೆದರೆ ಅದರ ಹತ್ತನೇ ಒಂದು ಪಾಲಿಗೇ ಬಿರಿಯುತ್ತದೆ. ತಾರಸಿಯ ಮೇಲೆ ಭಾರ ಬಿದ್ದಾಗ ಮೇಲ್ಮೈ ಅಮುಕಿಕೊಳ್ಳುತ್ತದೆ, ತಳ ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಕಬ್ಬಿಣ ಬೇಕು. ಅದಕ್ಕೇ ಕಂಬಿ ತಳಕ್ಕೆ ಹತ್ತಿರ ಮಲಗುತ್ತದೆ. ಸಜ್ಜಾದಲ್ಲಿ ಇದು ತಿರುಗಾಮುರುಗಾ: ಅದು ಗೋಡೆಯಿಂದ ಹೊರಕ್ಕೆ ಚಾಚಿ ನೇತಾಡುವುದರಿಂದ ಎಳೆತ ಮೇಲ್ಮೈಗೆ, ಕಂಬಿಯೂ ಮೇಲಕ್ಕೆ. ಇನ್ನು ಕಬ್ಬಿಣಕ್ಕೆ ತುಕ್ಕಿನ ಭಯ. ಕಾಂಕ್ರೀಟಿನ ಒಳಗಿನ ಕ್ಷಾರ ಗುಣ ಕಂಬಿಯ ಮೈಗೆ ಕಾಣದಷ್ಟು ತೆಳುವಾದ ಕವಚ ತೊಡಿಸಿ ತುಕ್ಕು ತಡೆಯುತ್ತದೆ. ಬಿಸಿಲಿಗೆ ಕಬ್ಬಿಣವೂ ಕಾಂಕ್ರೀಟೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹಿಗ್ಗುತ್ತವೆ, ಚಳಿಗೆ ಒಂದೇ ಅಳತೆಯಲ್ಲಿ ಕುಗ್ಗುತ್ತವೆ. ಹಾಗಿಲ್ಲದಿದ್ದರೆ ಒಂದೇ ಬೇಸಿಗೆಗೆ ಒಂದನ್ನೊಂದು ಸೀಳಿಕೊಂಡು ಬೇರೆಯಾಗುತ್ತಿದ್ದವು. ಒಂದು ಭೂಮಿಯೊಳಗಿನ ಅದಿರು, ಇನ್ನೊಂದು ಸುಟ್ಟ ಸುಣ್ಣದ ಕಲ್ಲು. ಇವುಗಳಿಗೆ ಈ ಹೊಂದಾಣಿಕೆಯನ್ನು ಯಾರೂ ಕಲಿಸಲಿಲ್ಲ. ಅದು ಮೊದಲೇ ಇತ್ತು, ಮನುಷ್ಯ ಕಂಡುಕೊಂಡ. ಹೀಗೆ ಕಂಡುಕೊಂಡ ದಾರಿಗಳು ಹಲವು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಎದ್ದದ್ದು ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಲ್ಲಿ. ಇಂದಿಗೂ ಅದು ಕಾವೇರಿಯನ್ನು ಹಿಡಿದು ನಿಂತಿದೆ.

ಊಟದ ಹೊತ್ತಿಗೆ ವೈಬ್ರೇಟರಿನ ಸೂಜಿ ಎರಕದೊಳಗೆ ಇಳಿದು ಗುಂಯ್‌ಗುಡುತ್ತಿತ್ತು. ಗುಳ್ಳೆಗಳೆದ್ದು ಒಡೆದವು, ಒಳಗಿನ ಗಾಳಿ ಹೊರಬಿತ್ತು. ಬೂದು ಪ್ರವಾಹ ಕಂಬಿಯ ಚಾಪೆಯನ್ನು, ಸಾವಿರಾರು ಗಂಟುಗಳನ್ನು, ಬೆರಳ ದಪ್ಪದ ಬಿಲ್ಲೆಗಳನ್ನು ನುಂಗಿ ಮುಂದೆ ಸಾಗಿತು. ಆ ಗಂಟುಗಳನ್ನು ಕಟ್ಟಿದ ಇಬ್ಬರು ಹುಡುಗರು ಬದಿಯಲ್ಲಿ ನಿಂತು ನೋಡುತ್ತಿದ್ದರು. ನಾಲ್ಕು ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಕಣ್ಮರೆ. ಆದರೆ ಅವರ ಮುಖದಲ್ಲಿ ಬೇಸರವಿರಲಿಲ್ಲ. ಬೀಜ ಬಿತ್ತಿ ಮಣ್ಣು ಮುಚ್ಚಿದವರ ಮುಖ ಅದು.

ಐದನೆಯ ಕಡೆ ನೆಲದೊಳಗೆ ಇಳಿದೆ. ಪಾಯದ ಗುಂಡಿಗಳು ಆರು ಅಡಿ ಆಳ. ಮೇಲೆ ಕೆಮ್ಮಣ್ಣು, ಕೆಳಗೆ ಗಟ್ಟಿ ನೆಲ. ಗುಂಡಿಯ ತಳದಲ್ಲಿ ಕಾಂಕ್ರೀಟಿನ ತೆಳು ಹಾಸು, ಅದರ ಮೇಲೆ ಚೌಕದ ಕಂಬಿ ಚಾಪೆ, ಅದರ ನಟ್ಟನಡುವಿನಿಂದ ಕಂಬದ ಕಂಬಿಗಳು ಮೇಲಕ್ಕೆ. ಕಂಬ ಇಲ್ಲಿ ಪಾದ ಬಿಚ್ಚುತ್ತದೆ. ಮೇಸ್ತ್ರಿ ಲೆಕ್ಕ ಹೇಳಿದರು. ಮೂರಂತಸ್ತಿನ ಮನೆಯ ಒಂದು ಕಂಬ 30 ಟನ್ ಹೊತ್ತಿದೆ ಎನ್ನಿ. ಜಂಬೂಸವಾರಿಯ ಆನೆ ಹೊರುವ ಚಿನ್ನದ ಅಂಬಾರಿ 750 ಕಿಲೋ. ಅಂದರೆ ಒಂದು ಕಂಬದ ನೆತ್ತಿಯ ಮೇಲೆ 40 ಅಂಬಾರಿ. ಅದೇ ಕಂಬವನ್ನು ನೇರವಾಗಿ ಮಣ್ಣಿನ ಮೇಲೆ ನಿಲ್ಲಿಸಿದರೆ ಗಡಾರಿಯಂತೆ ಒಳಗಿಳಿಯುತ್ತದೆ. ಐದು ಅಡಿಗೆ ಐದು ಅಡಿಯ ಪಾದ ಕೊಟ್ಟರೆ ಭಾರ 25 ಚದರಡಿಗೆ ಹಂಚಿಹೋಗಿ, ಪ್ರತಿ ಚದರಡಿಯ ಮಣ್ಣು ಸುಮಾರು ಒಂದೂಕಾಲು ಟನ್ ಮಾತ್ರ ಹೊರಬೇಕಾಗುತ್ತದೆ. ಮತ್ತೆ ಅದೇ ಮಾತು: ಹಂಚಿಕೊಳ್ಳುವುದು.

ಈಶಾನ್ಯ ಮೂಲೆಯಲ್ಲಿ ಸಂಪಿನ ಗುಂಡಿ. ಈ ಊರಿಗೆ ದೊಡ್ಡ ಹೊಳೆಯಿಲ್ಲ. 1974ರಿಂದ ಬೆಂಗಳೂರಿಗೆ ಬರುತ್ತಿರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹಂತ ಹಂತವಾಗಿ ಸುಮಾರು ಅರ್ಧ ಕಿಲೋಮೀಟರ್ ಎತ್ತರ ಏರಿ ಬರುತ್ತಾಳೆ. ಅಷ್ಟು ಏರಿ ಬಂದವಳು ಇಳಿದು ವಿಶ್ರಮಿಸುವ ಕೋಣೆ ಈ ಸಂಪು. ಅದರ ಪಕ್ಕದಲ್ಲೇ ಮಳೆನೀರಿಗೆ ಇನ್ನೊಂದು ಗುಂಡಿ. 2009ರ ಕಾಯ್ದೆ ತಿದ್ದುಪಡಿಯ ಮೇಲೆ ಬೆಂಗಳೂರಿನಲ್ಲಿ 30–40ರ ಸೈಟಿನ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ಭಾವ ಒಂದು ದಿನ ಫೋನಿನಲ್ಲಿ ಅದಕ್ಕಾಗುವ ಖರ್ಚು ಹೇಳಿದ್ದರು. ಗುಂಡಿಯ ಅಂಚಿನಲ್ಲಿ ಕೂತು ಬೆರಳು ಮಡಿಚಿದೆ: 1,200 ಚದರಡಿಯ ಮೇಲೆ ಬೆಂಗಳೂರಿನ ಒಂದು ವರ್ಷದ ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಮೇಲೆ. ಅರ್ಧ ಕಿಲೋಮೀಟರ್ ಹತ್ತಬೇಕಾಗಿಲ್ಲದ ನೀರು, ತಾನಾಗಿ ಮನೆ ಬಾಗಿಲಿಗೆ ಬರುವ ನೀರು. ತಂಗಿಗೆ ಹೇಳಬೇಕಾದ ಎರಡನೆಯ ಮಾತು ಸಿಕ್ಕಿತು.

“ಇಲ್ಲಿಂದ ಹಿಂದಕ್ಕೆ ಇನ್ನೇನೂ ಇಲ್ಲ ಸಾರ್, ಮಣ್ಣೇ” ಎಂದು ಮೇಸ್ತ್ರಿ ಕೈಮುಗಿದು ಹೊರಟರು.

ಆದರೆ ನನ್ನ ಕಾಲು ಹಿಂದಕ್ಕೇ ಎಳೆಯುತ್ತಿತ್ತು. ಸಂಜೆ ಗುಡ್ಡ ಹತ್ತಿದೆ. ಮಹಾಲಕ್ಷ್ಮಿ ಲೇಔಟಿನ ಪ್ರಸನ್ನ ವೀರಾಂಜನೇಯ ಸ್ವಾಮಿ ಇರುವುದು ಬಂಡೆಯ ಗುಡ್ಡದ ಮೇಲೆ. 22 ಅಡಿ ಎತ್ತರದ ಮೂರ್ತಿ, ಒಂದೇ ಬಂಡೆಯಲ್ಲಿ ಕಡೆದದ್ದು. ದರ್ಶನ ಮುಗಿಸಿ, ಬಿಸಿಲಿಗೆ ಬೆಚ್ಚಗಿದ್ದ ಬರಿಯ ಕಲ್ಲಿನ ಮೇಲೆ ಕೂತೆ. ಬೆಂಗಳೂರಿನ ತಳಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು ಎನ್ನುತ್ತಾರೆ. ಲಾಲ್‌ಬಾಗಿನಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಯ್ದಿದ್ದಾರೆ. ಬೆಳಗಿನ ಮನೆಯ ಹೊಸ ಬಣ್ಣದ ಕೆಳಗೆ ಗಾರೆ, ಗಾರೆಯ ಕೆಳಗೆ ಗೋಡೆ, ಅದನ್ನು ಹೊತ್ತ ಕಂಬ, ಕಂಬವನ್ನು ಹೊತ್ತ ಪಾದ, ಪಾದವನ್ನು ಹೊತ್ತ ಮಣ್ಣು, ಮಣ್ಣನ್ನು ಹೊತ್ತ ಈ ಬಂಡೆ. ಬೆಳಿಗ್ಗೆ ಮಿಕ್ಸರಿಗೆ ಸುರಿದ ಜಲ್ಲಿಯೂ ಎಂ-ಸ್ಯಾಂಡೂ ಇದರದೇ ಬಳಗದ ಕಲ್ಲು. ಕೆಳಗಿದ್ದದ್ದೇ ಪುಡಿಯಾಗಿ, ಸೇಡಮ್ಮಿನ ಸುಣ್ಣ ಸೇರಿಸಿಕೊಂಡು, ಮೇಲೇರಿ ಸೂರಾಗಿದೆ.

ಅಲ್ಲಿಂದ ನೋಡಿದರೆ ತಾರಸಿಗಳೆಲ್ಲ ಮುಳುಗುವ ಸೂರ್ಯನಿಗೆ ಮುಖ ಕೊಟ್ಟಿದ್ದವು. ಬೆಳಿಗ್ಗೆ ಕಂಡ ಆ ನೆಟ್ಟನೆಯ ಕಂಬಿಗಳೂ ಅಲ್ಲೇ ಇದ್ದವು. ಈಗ ಗೊತ್ತಿತ್ತು: ಮನೆಯಲ್ಲಿ ಹೊರುವ ಕೆಲಸ ಮಾಡುವವುಗಳೆಲ್ಲ ಮರೆಯಾಗಿವೆ, ಕೈ ಚಾಚಿ ಇನ್ನೊಂದಕ್ಕೆ ಕಾಯುತ್ತಿರುವ ಅವುಗಳ ತುದಿ ಮಾತ್ರ ಹೊರಗಿದೆ.

ಮರುದಿನ ಬೆಳಗಿನ ಜಾವ ತಂಗಿಯ ಸೈಟು. ಕೆಡವಿದ ಮನೆಯ ಗುರುತು ಪಕ್ಕದವರ ಗೋಡೆಯ ಮೇಲೆ ಉಳಿದಿತ್ತು: ಏರುತ್ತ ಹೋದ ಮೆಟ್ಟಿಲ ಸಾಲಿನ ಕಲೆ, ದೇವರ ಗೂಡಿದ್ದಲ್ಲಿ ಹೊಗೆಯ ಕಪ್ಪು. ಈಶಾನ್ಯದಲ್ಲಿ ಪೂಜೆಯಾಯಿತು. ತಂಗಿ, ಭಾವ ಗುದ್ದಲಿ ಹಿಡಿದು ಮೂರು ಸಲ ನೆಲ ಮುಟ್ಟಿದರು. ಹಾಲು, ನವಧಾನ್ಯ, ಇಟ್ಟಿಗೆ ಇಳಿದವು. ಬೆಳಕು ಹರಿದ ಮೇಲೆ ಮೇಸ್ತ್ರಿ ಗೂಟ ಬಡಿದು, ದಾರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು.

“ಬಿಗಿಯಾಗಿ ಹಿಡ್ಕಳಿ ಸಾರ್.”

ಒಂದು ದಾರದ ಮೇಲೆ ಮೂರು ಅಡಿಗೆ ಗುರುತು, ಅದಕ್ಕೆ ಅಡ್ಡಲಾದ ದಾರದ ಮೇಲೆ ನಾಲ್ಕು ಅಡಿಗೆ ಗುರುತು. ಆ ಎರಡರ ನಡುವೆ ಸರಿಯಾಗಿ ಐದು ಅಡಿ ಬರುವವರೆಗೆ ನನ್ನನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸಿದರು. ಐದು ಬಂತು. ಮೂಲೆ ಕೂಡಿತು. ಬೌಧಾಯನರ ಶುಲ್ಬಸೂತ್ರದಲ್ಲಿ ಯಜ್ಞವೇದಿಗೆ ಹೇಳಿದ ಅದೇ ಮೂರು, ನಾಲ್ಕು, ಐದು; ಶುಲ್ಬ ಎಂದರೂ ಹಗ್ಗವೇ. ಆ ಹಗ್ಗದ ಒಂದು ತುದಿಯಲ್ಲಿ ನಾನು ನಿಂತಿದ್ದೆ.

ದಾರದ ಗುಂಟ ಸುಣ್ಣದ ಪುಡಿ ಬಿತ್ತು. ನಡುಮನೆ, ಅಡುಗೆಮನೆ, ಕೋಣೆ. ತಂಗಿ ಗಾಬರಿಯಾದಳು: “ಇಷ್ಟು ಚಿಕ್ಕದಾ?”

“ಇವತ್ತು ಎಲ್ರಿಗೂ ಚಿಕ್ಕದಾಗೇ ಕಾಣ್ತದೆ ತಾಯಿ. ಗೋಡೆ ಎದ್ದ ಮೇಲೆ ನೋಡಿ, ದೊಡ್ಡದಾಗ್ತದೆ” ಎಂದರು ಮೇಸ್ತ್ರಿ.

ಅವಳ ಅತ್ತೆ ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂತಿದ್ದರು. ಈಗ ಎದ್ದರು. ಯಾರ ಕೈಯನ್ನೂ ಹಿಡಿಯದೆ ಬೀದಿಯ ಕಡೆಯಿಂದ ಸುತ್ತಿ ಬಂದು, ಸುಣ್ಣದ ಗೀಟು ಎಲ್ಲಿ ಮೂರೂವರೆ ಅಡಿ ಖಾಲಿ ಬಿಟ್ಟಿತ್ತೋ ಅಲ್ಲಿ ನಿಂತರು. ಸೆರಗು ಸರಿಮಾಡಿಕೊಂಡರು. ಬಲಗಾಲು ಮುಂದಿಟ್ಟು ಒಳಗೆ ಬಂದರು.

“ಒಲೆ ಎಲ್ಲಿ ಬರುತ್ತಪ್ಪಾ?” ಎಂದು ಕೇಳಿದರು.

ಮೇಸ್ತ್ರಿ ಆಗ್ನೇಯಕ್ಕೆ ನಡೆದು, ಬರಿಯ ಮಣ್ಣಿನ ಮೇಲೊಂದು ಜಾಗ ತೋರಿಸಿದರು. ನಾನು ದಾರ ಹಿಡಿದೇ ಇದ್ದೆ.